ನೋಡುವುದಕ್ಕೊಬ್ಬರು

ಮೂವತ್ತೊಂಬತ್ತನೆಯ ನಿಮಿಷ ಮುಗಿಯುತ್ತಲೇ ಗೇಟ್ ತಾತ ಬೇಕರಿಯವನ ಮೇಲಿಂದ ಕಣ್ಣು ಕಿತ್ತು ದರ್ಜಿಯ ಮೇಲಿಟ್ಟ. ವೇದಿಕೆಯ ಮೇಲೆ ನಲವತ್ತೊಂದು ಜನ. ಕೆಳಗೆ, ಸಾಲಾಗಿ ಹಾಕಿದ್ದ ಖಾಲಿ ಕುರ್ಚಿಗಳ ನಡುವೆ, ಅವನೊಬ್ಬನೇ. ತೊಡೆಯ ಮೇಲೆ ಒಂದು ಚೀಟಿ, ಚೀಟಿಯ ಮೇಲೆ ಬಿಚ್ಚಿಟ್ಟ ಕೈಗಡಿಯಾರ.

ಹದಿಮೂರೇ ಮಕ್ಕಳ ಪುಟ್ಟ ಶಾಲೆ ಅದು. ಹೋದ ವರ್ಷದ ನಾಟಕದಲ್ಲಿ ತಮ್ಮವರಿಗೆ ಪಾರ್ಟು ಸಿಗಲಿಲ್ಲ ಎಂದು ನಾಲ್ಕು ಮನೆಯವರು ಮುಖ ಊದಿಸಿಕೊಂಡು ವರ್ಷವಿಡೀ ಮಾತು ಬಿಟ್ಟಿದ್ದರು. ಅದಕ್ಕೆ ದೊಡ್ಡ ಟೀಚರ್ ಈ ಸಲ ಯಾರನ್ನೂ ಬಿಡುವುದಿಲ್ಲವೆಂದು ಮಾತು ಕೊಟ್ಟು, ಅಪ್ಪ, ಅಮ್ಮ, ಚಿಕ್ಕಪ್ಪ, ಸೋದರತ್ತೆ, ಕೊನೆಗೆ ತಮ್ಮ ಸ್ವಂತ ಅತ್ತೆಗೂ ಬಣ್ಣ ಹಚ್ಚಿಸಿದರು. ತಾತನ ಮಗ ಬಾವಿಯಾದ. ಸೊಸೆ ಕುದುರೆಯ ಹಿಂಗಾಲುಗಳಾದಳು. ಎಲ್ಲ ಹಂಚಿ ಮುಗಿದ ಮೇಲೆ, ನೋಡುವುದಕ್ಕೆ ಯಾರೂ ಉಳಿದಿಲ್ಲವೆಂದು ಹೊಳೆಯಿತು. ಸಿಕ್ಕ ಪಾರ್ಟನ್ನು ಬಿಟ್ಟುಕೊಡಲು ಯಾರು ಒಪ್ಪುತ್ತಾರೆ? ತಾತನೇ ಎದ್ದು, ತಾನು ಕೂತು ನೋಡುತ್ತೇನೆ ಅಂದಿದ್ದ.

ನೋಡುವುದೂ ಸುಲಭವಾಗಲಿಲ್ಲ. ಮೊದಲ ದಿನದ ರಿಹರ್ಸಲ್‌ಗೇ ದೂರು ಬಂತು. ತಾತ ತಮ್ಮ ಯಜಮಾನರ ಕಡೆ ತಿರುಗಿ ಕೂಡ ನೋಡಲಿಲ್ಲ ಎಂದು ಬೇಕರಿಯವನ ಹೆಂಡತಿ ಕಣ್ಣೀರು ಹಾಕಿದಳು. ನನ್ನನ್ನು ನೋಡಿದ್ದೇನೋ ನಿಜ, ಆಕಳಿಸುತ್ತ ನೋಡಿದ, ಎಂದು ದರ್ಜಿ. ದೊಡ್ಡ ಟೀಚರ್ ರೋಸಿಹೋಗಿ, ತಲೆಗೊಂದು ನಿಮಿಷದಂತೆ ಚೀಟಿ ಬರೆದು, ಮನೆಮನೆಯವರ ಸಹಿ ಹಾಕಿಸಿ ತಾತನ ಕೈಗಿಟ್ಟರು. ಕಟ್ಟಕಡೆಯಲ್ಲಿದ್ದ ತಮ್ಮ ಅತ್ತೆಯವರ ಹೆಸರಿನ ಮುಂದೆ ಮಾತ್ರ ‘ನಾಟಕ ಮುಗಿಯುವವರೆಗೆ’ ಎಂದಿತ್ತು. ಅದರ ಬಗ್ಗೆ ಯಾರೂ ಉಸಿರೆತ್ತಲಿಲ್ಲ.

ತಾತನ ಚಿಂತೆಯೇ ಬೇರೆ. ಮೊಮ್ಮಗಳು ಪುಟ್ಟಿ ಮನೆಯಲ್ಲಿ ಅರಳು ಹುರಿದ ಹಾಗೆ ಮಾತಾಡುವವಳು, ಶಾಲೆಗೆ ಸೇರಿ ಎಂಟು ತಿಂಗಳಾದರೂ ಅಲ್ಲಿ ಒಂದು ಸಲವೂ ಬಾಯಿ ಬಿಟ್ಟಿರಲಿಲ್ಲ. ಹುಂಜದ ಪಾರ್ಟು ಅವಳದು. ಊರಿಗೆ ಊರೇ ಮಲಗಿರುವಾಗ ಬಂದು, ಬೆಳಗಾಯ್ತು, ಎಲ್ಲರೂ ಏಳಿ ಅನ್ನಬೇಕು. ಅಲ್ಲಿಗೆ ನಾಟಕ ಮುಗಿಯಿತು.

“ನೀನು ನನ್ನನ್ನೇ ನೋಡ್ತಿದ್ರೆ ಹೇಳ್ತೀನಿ ತಾತ. ಇಲ್ಲಾಂದ್ರೆ ನನ್ ಕೈಲಾಗಲ್ಲ,” ಅಂದಿದ್ದಳು.

ಚೀಟಿಯಲ್ಲಿ ಪುಟ್ಟಿಗೆ ಬಂದದ್ದು ಒಂಬತ್ತನೆಯ ನಿಮಿಷ. ಆಗ ಅವಳು ಪರದೆಯ ಹಿಂದಿರುತ್ತಾಳೆ. ತಾತ ಒಂದು ನಿಮಿಷ ಪರದೆಯನ್ನೇ ನೋಡಿದ್ದ. ಮೊದಲೇ ಹೋಗಿ ಕೇಳಿಕೊಂಡೂ ಇದ್ದ. ನಿಮಗೊಬ್ಬರಿಗೆ ಬದಲಾಯಿಸಿದರೆ ನಾಳೆ ಎಲ್ಲರೂ ಬಂದು ಬಾಗಿಲಲ್ಲಿ ನಿಲ್ಲುತ್ತಾರೆ ಎಂದು ದೊಡ್ಡ ಟೀಚರ್ ಕೈ ಮುಗಿದರು. ಮೂವತ್ತು ವರ್ಷ ರೈಲ್ವೆ ಗೇಟು ಕಾಯ್ದ ಮನುಷ್ಯ, ಚೀಟಿಯನ್ನು ಮೀರುವವನಲ್ಲ. ಹೆರಿಗೆಗೆ ಹೊರಟಿದ್ದ ಹೆಂಡತಿಯನ್ನೇ ಗೇಟಿನಾಚೆ ಹನ್ನೊಂದು ನಿಮಿಷ ನಿಲ್ಲಿಸಿದವನು. ಈಗ ಬಾವಿಯಾಗಿರುವ ಮಗ ಅಲ್ಲೇ ಗಾಡಿಯೊಳಗೆ ಹುಟ್ಟಿದ್ದ.

ನಲವತ್ತನೆಯ ನಿಮಿಷವೂ ಮುಗಿಯಿತು. ತಾತ ಕಣ್ಣನ್ನು ಅತ್ತೆಯವರ ಮೇಲಿಟ್ಟ. ವೇದಿಕೆಯ ಮೇಲೆ ಊರು ಮಲಗಿತು. ಅತ್ತೆಯವರಂತೂ ನಿಜವಾಗಿಯೇ ಗೊರಕೆ ಹೊಡೆಯುತ್ತಿದ್ದರು. ಪುಟ್ಟಿ ಬಂದು ನಿಂತಳು, ತಲೆಯ ಮೇಲೆ ಕೆಂಪು ಕಾಗದದ ಜುಟ್ಟು. ಬಾಯಿ ತೆರೆದಳು, ತಾತನ ಕಣ್ಣು ಎಲ್ಲಿದೆಯೆಂದು ನೋಡಿದಳು, ಬಾಯಿ ಮುಚ್ಚಿದಳು.

ಒಂದು ನಿಮಿಷ ಹೋಯಿತು, ಐದು ಹೋದವು. ತಾತನಿಗೆ ಕಣ್ಣಂಚಿನಲ್ಲಿ ಕೆಂಪು ಜುಟ್ಟು ನಡುಗುವುದು ಕಾಣುತ್ತಿತ್ತು. ಅಂಚಿನಲ್ಲಿ ಕಂಡದ್ದು ನೋಡಿದಂತಲ್ಲ. ಅದು ಅವನಿಗೂ ಗೊತ್ತು, ಅವಳಿಗೂ ಗೊತ್ತು. ಚಂದ್ರನಾಗಿ ಮೇಜಿನ ಮೇಲೆ ಕೈಯೆತ್ತಿ ನಿಂತಿದ್ದ ದೊಡ್ಡ ಟೀಚರ್ ಬೆಳಗಾಗದೆ ಇಳಿಯುವಂತಿರಲಿಲ್ಲ.

“ತಾತ, ಪರವಾಗಿಲ್ಲ, ಮಗೂನೇ ನೋಡಿಬಿಡಿ,” ಎಂದು ಅವರು ಮೇಲಿಂದ ಪಿಸುಗುಟ್ಟಿದರು.

“ಅದ್ಹೇಗಾಗತ್ತೆ ಟೀಚರ್?” ಮಲಗಿದ್ದಲ್ಲಿಂದಲೇ ದರ್ಜಿ. “ನಮಗೊಂದು ನ್ಯಾಯ, ಅವರಿಗೊಂದು ನ್ಯಾಯಾನಾ?”

“ಚೀಟಿ ತಿದ್ದಿ ಎಲ್ರ ಸಹಿ ಹಾಕ್ಸಿ ಕೊಡಿ, ನೋಡ್ತೀನಿ,” ಅಂದ ತಾತ, ಅತ್ತೆಯವರ ಮೇಲಿಂದ ಕಣ್ಣು ಕದಲಿಸದೆ.

ಮಲಗಿದವರು ಎದ್ದು ಸಹಿ ಹಾಕುವುದು ಹೇಗೆ? ಇನ್ನೂ ಬೆಳಗಾಗಿರಲಿಲ್ಲ.

ಆಗ ಪುಟ್ಟಿ ಹೊರಟಳು. ಬೇಕರಿಯವನನ್ನು ದಾಟಿ, ದರ್ಜಿಯ ಹೊಟ್ಟೆಯನ್ನು ದಾಟಿ, ಅಪ್ಪನೆಂಬ ಬಾವಿಯನ್ನು ಬಳಸಿಕೊಂಡು ಬಂದು, ಗೊರಕೆ ಹೊಡೆಯುತ್ತಿದ್ದ ಅತ್ತೆಯವರ ಎದೆಗೆ ಅಡ್ಡವಾಗಿ ಕೂತಳು. ತಾತನ ಕಣ್ಣು ಕದಲಲಿಲ್ಲ. ಕದಲಬೇಕಾದ್ದೂ ಇರಲಿಲ್ಲ.

“ಬೆಳಗಾಯ್ತು,” ಅಂದಳು ಪುಟ್ಟಿ, ಗಟ್ಟಿಯಾಗಿ. “ಎಲ್ಲರೂ ಏಳಿ.”

ಎಲ್ಲರೂ ಎದ್ದರು, ಅತ್ತೆಯವರನ್ನು ಬಿಟ್ಟು. ಚಂದ್ರ ಮೇಜಿನಿಂದ ಇಳಿದ. ಕೆಳಗೆ ಒಬ್ಬನೇ ಒಬ್ಬ ಚಪ್ಪಾಳೆ ತಟ್ಟಿದ, ಕೈ ಕೆಂಪಗಾಗುವವರೆಗೆ. ಪುಟ್ಟಿ ಮೆಟ್ಟಿಲಿಳಿದು ಓಡಿ ಬಂದು, ಅವನ ತೊಡೆಯ ಮೇಲಿದ್ದ ಗಡಿಯಾರ ಎತ್ತಿಕೊಂಡು ಪಕ್ಕದ ಕುರ್ಚಿಯಲ್ಲಿ ಕಾಲು ಇಳಿಬಿಟ್ಟು ಕೂತಳು.

“ಈಗ ನೀನು ಹೋಗು ತಾತ. ನಾನು ನೋಡ್ತೀನಿ.”

ತಾತ ಎದ್ದು ನಿಂತ. ವೇದಿಕೆಯ ಮೇಲಿದ್ದವರೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ, ಯಾರೂ ಹೇಳದೆಯೇ, ಅತ್ತಿತ್ತ ಸರಿದು ನಡುವೆ ಒಬ್ಬ ಮನುಷ್ಯ ನಿಲ್ಲುವಷ್ಟು ಜಾಗ ಬಿಟ್ಟರು.