ಬಾಟಲಿ ಬದಲಾದ ದಿನ

ಮೊದಲ ತಂಡದ ಹನ್ನೆರಡು ವಿದ್ಯಾರ್ಥಿಗಳಲ್ಲಿ ಹತ್ತು ಮಂದಿ ಎರೆಹುಳುವನ್ನು ಜಿಗಣೆ ಎಂದು ಬರೆದಿದ್ದರು, ಜಿಗಣೆಯನ್ನು ಎರೆಹುಳು ಎಂದು. ಪ್ರಾಣಿಶಾಸ್ತ್ರದ ಮೇಡಂ ಉತ್ತರಪತ್ರಿಕೆಗಳನ್ನು ಎರಡೆರಡು ಸಲ ತಿರುವಿಹಾಕಿದರು. ಇಬ್ಬರು ತಪ್ಪಿದ್ದರೆ ಓದಿಲ್ಲ ಎನ್ನಬಹುದಿತ್ತು, ಅಕ್ಕಪಕ್ಕದ ನಾಲ್ವರು ತಪ್ಪಿದ್ದರೆ ಕಾಪಿ ಎನ್ನಬಹುದಿತ್ತು. ದೂರ ದೂರ ನಿಂತು ಬರೆದ ಹತ್ತು ಮಂದಿ ಒಂದೇ ತಪ್ಪು ಮಾಡಿದರೆ ಏನೆನ್ನುವುದು? ಹೊರಗೆ ಹೋಗುತ್ತಿದ್ದ ಕ್ಲಾಸ್ ಲೀಡರ್ ಹುಡುಗಿಯನ್ನು ನಿಲ್ಲಿಸಿ ಕೇಳಿಯೇಬಿಟ್ಟರು.

"ಮುಚ್ಚಳ ಒಡೆದಿರೋ ಬಾಟಲಿ ಜಿಗಣೇದು ಅಲ್ವಾ ಮೇಡಂ?" ಅವಳು ಕಣ್ಣರಳಿಸಿದಳು. "ಕುತ್ತಿಗೆಗೆ ದಾರ ಕಟ್ಟಿರೋದು ಎರೆಹುಳು. ಸೀನಿಯರ್ಸ್ ಹೇಳ್ಕೊಟ್ಟಿದ್ದು. ಅವರಿಗೆ ಅವರ ಸೀನಿಯರ್ಸು."

ಮೇಡಂ ನಿಧಾನವಾಗಿ ಅಟೆಂಡರ್ ಕಡೆ ತಿರುಗಿದರು. ಇಪ್ಪತ್ತಾರು ವರ್ಷದಿಂದ ಆ ಪ್ರಯೋಗಾಲಯದ ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಂಡೇ ಓಡಾಡಿದ ಮನುಷ್ಯ ಈಗ ಕಿಟಕಿಯ ಗಾಜನ್ನು ಬಹಳ ಆಸಕ್ತಿಯಿಂದ ಒರೆಸುತ್ತಿದ್ದ.

"ಹೊರಗಿನ ಸಾಹೇಬ್ರು ಬರ್ತಾರೆ ಅಂತ ನಿನ್ನೆ ಎಲ್ಲಾ ಬಾಟಲಿ ತೊಳೆದೆ ಮೇಡಂ. ವಾಪಸ್ ತುಂಬೋವಾಗ ಯಾವುದಕ್ಕೆ ಯಾವುದು ಹೋಯ್ತೋ. ಪ್ರಾಣಿ ಅಂತೂ ಬದಲಾಗಿಲ್ಲ, ನೋಡಿ."

ಆ ಮಾತನ್ನು ತಳ್ಳಿಹಾಕುವಂತಿರಲಿಲ್ಲ. ಮೂರು ವರ್ಷ ಹೇಳಿದ ಪಾಠವೆಲ್ಲ ಪ್ರಾಣಿಯನ್ನು ಬಿಟ್ಟು ಗಾಜಿಗೆ ಅಂಟಿಕೊಂಡಿತ್ತು. ಪದವಿ ಮುಗಿಸುವ ಹೊತ್ತಿಗೆ ಮಕ್ಕಳಿಗೆ ನಿಜಕ್ಕೂ ಏನು ಬಂದಿದೆ ಎಂದು ಅಳೆಯಲು ಬಂದ ಹಿರಿಯ ಪರೀಕ್ಷಕರು ಕೆಳಗೆ ಚಹಾ ಕುಡಿಯುತ್ತಿದ್ದರು. ಇಪ್ಪತ್ತನಾಲ್ಕರಲ್ಲಿ ಹನ್ನೆರಡು ಮಂದಿಯಾದರೂ ನೋಡಿ ಗುರುತಿಸುವ ಪರೀಕ್ಷೆಯಲ್ಲಿ ಪಾಸಾಗಬೇಕು. ಇಲ್ಲದಿದ್ದರೆ ಮುಂದಿನ ವರ್ಷ ಪ್ರಾಣಿಶಾಸ್ತ್ರಕ್ಕೆ ಹೊಸಬರನ್ನು ಸೇರಿಸಿಕೊಳ್ಳುವಂತಿಲ್ಲ. ಮೊದಲ ತಂಡದಲ್ಲಿ ಪಾಸಾದವರು ಇಬ್ಬರು. ಇನ್ನುಳಿದ ಹನ್ನೆರಡರಲ್ಲಿ ಹತ್ತು ಮಂದಿ ದಡ ಸೇರಬೇಕು.

ಅಟೆಂಡರ್ ಹತ್ತಿರ ಬಂದು ದನಿ ತಗ್ಗಿಸಿದ. "ಹಳೇ ಥರಾನೇ ಹಾಕಿಬಿಡ್ಲಾ ಮೇಡಂ? ಹತ್ತು ನಿಮಿಷದ ಕೆಲಸ. ಹನ್ನೆರಡಕ್ಕೆ ಹನ್ನೆರಡೂ ಸರಿ ಬರೀತಾರೆ."

ಬರೆಯುತ್ತಾರೆ, ಅದರಲ್ಲಿ ಸಂಶಯವಿರಲಿಲ್ಲ. ಮೇಡಂಗೆ ಬೆಳಿಗ್ಗೆ ಮಗಳು ಹಸಿರು ಡಬ್ಬಿ ಕಂಡೊಡನೆ ಸಕ್ಕರೆ ಎಂದುಕೊಂಡು ಹಾಲಿಗೆ ಉಪ್ಪು ಸುರಿದದ್ದೂ, ತಾನು ಅವಳ ಮೇಲೆ ರೇಗಿದ್ದೂ ನೆನಪಾಯಿತು. ಡಬ್ಬಿ ಬದಲಿಸಿದ್ದು ತಾನೇ. ಈಗ ನಗು ಬಂತು.

"ಬಾಟಲಿಯೇ ಬೇಡ ಅಣ್ಣಾ. ಎಲ್ಲಾ ತಟ್ಟೆಗೆ ಹಾಕಿ. ಪಕ್ಕಕ್ಕೊಂದು ಲೆನ್ಸ್ ಇಡಿ."

"ಮಕ್ಕಳು ಹೆದರ್ಕೋತಾರೆ."

"ನಾನೂ ಹೆದರಿದೀನಿ. ಹಾಕಿ."

ಎರಡನೇ ತಂಡ ಒಳಗೆ ಬಂದು ಸಾಲು ತಟ್ಟೆಗಳ ಮುಂದೆ ಕಾಲು ಕಟ್ಟಿದಂತೆ ನಿಂತಿತು. "ಬಾಟಲಿ ಎಲ್ಲಿ ಮೇಡಂ?" ಎಂದು ಒಬ್ಬ ಕೇಳಿಯೂಬಿಟ್ಟ. "ಬಾಟಲಿಗೆ ರಜೆ. ಪ್ರಾಣಿ ಕೆಲಸಕ್ಕೆ ಬಂದಿದೆ, ನೋಡ್ಕೋ" ಎಂದರು ಮೇಡಂ. ಐದು ನಿಮಿಷ ಯಾರ ಪೆನ್ನೂ ಅಲ್ಲಾಡಲಿಲ್ಲ. ಆಮೇಲೆ ಒಬ್ಬಳು ಮೂಗು ಹಿಡಿದು ಬಗ್ಗಿದಳು. ಇನ್ನೊಬ್ಬ ಮೈಮೇಲಿನ ಉಂಗುರಗಳನ್ನು ಎಣಿಸತೊಡಗಿ ಲೆಕ್ಕ ತಪ್ಪಿ ಮೊದಲಿಂದ ಶುರುಮಾಡಿದ. ಎರೆಹುಳುವಿನ ಕತ್ತಿನ ಕೆಳಗಿನ ದಪ್ಪ ಪಟ್ಟಿ ಕಂಡ ಯಾರೋ, ಪರೀಕ್ಷೆ ಎಂಬುದನ್ನೇ ಮರೆತು, "ಅಯ್ಯೋ, ಇದು ನಿಜವಾಗ್ಲೂ ಇದೆ ಕಣ್ರೋ" ಅಂದ. ಚಹಾ ಮುಗಿಸಿ ಬಂದ ಪರೀಕ್ಷಕರು ತಟ್ಟೆಗಳನ್ನು ನೋಡಿ ಹುಬ್ಬೇರಿಸಿದರು.

ಪತ್ರಿಕೆಗಳನ್ನು ಅವರು ಅಲ್ಲೇ ಕೂತು ತಿದ್ದಿದರು. ಒಂಬತ್ತು ಮಂದಿ ಪಾಸಾದರು, ಇಬ್ಬರು ಫೇಲಾದರು. ಉಳಿದದ್ದು ಕೊನೆಯ ಬೆಂಚಿನ ಹುಡುಗಿಯದು. ಮೂರು ವರ್ಷದಲ್ಲಿ ಹಾಜರಿ ಕೂಗಿದಾಗ ಕೈ ಎತ್ತಿದ್ದು ಬಿಟ್ಟರೆ ಉಸಿರೆತ್ತಿದವಳಲ್ಲ. ಗೆಳತಿಯರು ಅವಳನ್ನು ಮ್ಯೂಟ್ ಎಂದೇ ಕರೆಯುತ್ತಿದ್ದರು. ಪರೀಕ್ಷಕರು ಅವಳ ಪತ್ರಿಕೆಯಲ್ಲಿ ಒಂದು ಗೀಟು ಹಾಕಿ, "ಒಂದೇ ಅಂಕದಲ್ಲಿ ಹೋಯ್ತಲ್ಲಮ್ಮ. ಜಿಗಣೆ ತಲೇನ ಬಾಲದ ಕಡೆ ತೋರಿಸಿದೀಯ" ಎಂದರು.

ಮೇಡಂ ಬಗ್ಗಿ ಚಿತ್ರ ನೋಡಿದರು. ಹುಡುಗಿ ಬರೆದದ್ದೇ ಸರಿ. ಮಾತು ನಾಲಿಗೆ ತುದಿಗೆ ಬಂದು ನಿಂತಿತು: ತಾನು ಹೇಳಿದರೆ ತನ್ನ ವಿಭಾಗ ಉಳಿಸಿಕೊಳ್ಳಲು ಹೇಳಿದಂತಾಗುತ್ತದೆ. ಅಷ್ಟರಲ್ಲಿ ಮ್ಯೂಟ್ ಜಿಗಣೆಯ ತಟ್ಟೆಯನ್ನೇ ಎರಡೂ ಕೈಯಲ್ಲಿ ಹಿಡಿದು ತಂದು ಮೇಜಿನ ಮೇಲಿಟ್ಟಳು.

"ನೀವು ತಲೆ ಅಂದಿದ್ದು ಬಾಲ ಸರ್."

"ಏನಂದೆ?"

"ದೊಡ್ಡ ಬಟ್ಟಲಿನ ಥರ ಇರೋದು ಹಿಂದುಗಡೆ. ಅದು ಅಂಟಿಕೊಂಡು ನಿಲ್ಲೋಕೆ. ಕಚ್ಚೋದು ಈ ಸಣ್ಣ ತುದಿ ಸರ್. ಲೆನ್ಸಲ್ಲಿ ನೋಡಿ, ಬಾಯಿ ಮೂರು ಮೂಲೆಯಾಗಿ ಸೀಳಿದೆ."

ಪರೀಕ್ಷಕರು ಕನ್ನಡಕ ಹಣೆಗೇರಿಸಿ ಲೆನ್ಸ್ ಹಿಡಿದರು. ತಟ್ಟೆಯನ್ನು ಒಮ್ಮೆ ತಿರುಗಿಸಿದರು, ಮತ್ತೆ ಹಿಂದಕ್ಕೆ ತಿರುಗಿಸಿದರು. ಕೋಣೆಯಲ್ಲಿ ಎಲ್ಲರೂ ಅವರ ನೆತ್ತಿಯನ್ನೇ ನೋಡುತ್ತಿದ್ದರು.

"ನಾನು ಹಕ್ಕಿ ಓದಿದವನು ಮೇಡಂ," ಎಂದರು ತಲೆ ಎತ್ತದೆ. "ಹಕ್ಕಿಯಲ್ಲಿ ಈ ಗೊಂದಲ ಬರೋದಿಲ್ಲ."

ಮೊದಲು ನಕ್ಕವನು ಅಟೆಂಡರ್. ಪರೀಕ್ಷಕರು ತಮ್ಮ ಗೀಟನ್ನು ಹೊಡೆದುಹಾಕಿ, ಪಕ್ಕದಲ್ಲಿ ಸಹಿ ಮಾಡಿ, ಅಂಕ ಸೇರಿಸಿದರು. ಪಾಸಾದವರ ಲೆಕ್ಕ ಹನ್ನೆರಡಾಯಿತು. ನಂತರ ವರದಿಯ ಹಾಳೆ ಬಿಡಿಸಿಕೊಂಡು ಮೇಲಿಂದ ಕೆಳಗಿನವರೆಗೂ ಬೆರಳಾಡಿಸಿ ಹುಡುಕಿದರು.

"ಮಕ್ಕಳು ಏನು ಕಲಿತರು ಅಂತ ಬರೆಯೋಕೆ ಇಲ್ಲಿ ಜಾಗ ಇದೆ," ಎಂದರು ಪೆನ್ನಿನ ಮುಚ್ಚಳ ತೆಗೆಯುತ್ತಾ. "ಪರೀಕ್ಷಕರು ಏನು ಕಲಿತರು ಅಂತ ಎಲ್ಲಿ ಬರೀಲಿ?"