ಎರಡನೆಯ ನಂಬರು

"ಯಂತ್ರ ಇರೋದು ಒಂದೇ. ಯಾರ ಲ್ಯಾಬಿಗೆ ಹಾಕೋಣ?" ಎಂದು ಸಂಶೋಧನಾ ಸಂಸ್ಥೆಯ ನಿರ್ದೇಶಕರು ಕೇಳಿದ್ದೇ ತಡ, ಖರೀದಿ ಸಮಿತಿಯವರ ಕಣ್ಣೆಲ್ಲ ಚಿಕ್ಕ ಮೇಡಂ ಕಡೆ ತಿರುಗಿದವು. ಡೀಪ್ ಫ್ರೀಜರಿನೊಳಗೆ ಬಿಸಿ ಏರಿದರೆ ಸೈರನ್ ಕೂಗಿ, ಸಂಬಂಧಪಟ್ಟವರ ಮೊಬೈಲಿಗೆ ಮೆಸೇಜ್ ಕಳಿಸುವ ಯಂತ್ರ ಅದು. ಒಂದು ತಿಂಗಳು ಬಳಸಿ ನೋಡಿ, ಒಪ್ಪಿಗೆಯಾದರೆ ಎಲ್ಲ ಲ್ಯಾಬುಗಳಿಗೂ ಕೊಳ್ಳಿ ಎಂದು ಕಂಪನಿ ಒಂದನ್ನು ಬಿಟ್ಟು ಹೋಗಿತ್ತು. ಕರೆಂಟು ಹೋದರೆ ಏನು ಗತಿ, ನೆಟ್‌ವರ್ಕ್ ಸಿಗದಿದ್ದರೆ ಏನು ಗತಿ ಎಂದು ಆ ಕಂಪನಿಯವರ ಬೆವರಿಳಿಸಿದ್ದವಳು ಚಿಕ್ಕ ಮೇಡಂ.

"ನನ್ನ ಫ್ರೀಜರ್ ಎಲ್ಲದಕ್ಕಿಂತ ಹಳೇದು," ದೊಡ್ಡ ಮೇಡಂ ನಡುವೆ ಬಾಯಿ ಹಾಕಿದರು. "ಪರೀಕ್ಷೆ ಅಂದ್ಮೇಲೆ ಹಳೇದರ ಮೇಲೇ ಆಗ್ಬೇಕು. ಹೊಸ ಫ್ರೀಜರಿಗೆ ಯಾಕೆ ಕಾವಲು?"

"ಅಕ್ಕ ಹೇಳೋದು ಸರಿ," ಎಂದಳು ಚಿಕ್ಕವಳು, ಹಿಂದೆಮುಂದೆ ನೋಡದೆ.

ಅವಳು ಜಗಳಕ್ಕೆ ನಿಂತಿದ್ದರೆ ದೊಡ್ಡ ಮೇಡಂಗೆ ಸಮಾಧಾನವಾಗುತ್ತಿತ್ತು. ಹೀಗೆ ಬಿಟ್ಟುಕೊಟ್ಟದ್ದರಿಂದ ಗೆದ್ದದ್ದೂ ಗೆದ್ದಂತಾಗಲಿಲ್ಲ. ಇಬ್ಬರೂ ವಾರಗಿತ್ತಿಯರು. ಚಿಕ್ಕವಳು ಒಂದು ಕಾಲಕ್ಕೆ ಇವರ ಕೈಕೆಳಗೇ ಸಂಶೋಧನೆ ಕಲಿತವಳು. ಹುಡುಗಿ ಚುರುಕು, ಗುಣವೂ ಒಳ್ಳೆಯದು ಎಂದು ತಾವೇ ಮುಂದೆ ನಿಂತು ಮೈದುನನಿಗೆ ತಂದುಕೊಂಡಿದ್ದರು. ಈಗ ಸಂಸ್ಥೆಗೆ ಯಾರೇ ದೊಡ್ಡವರು ಬರಲಿ, ಮೊದಲು ಕೇಳುವುದು ಚಿಕ್ಕ ಮೇಡಂ ಎಲ್ಲಿ ಅಂತ. ಮನೆಯಲ್ಲಿ ಅತ್ತೆ ಮಾತ್ರೆ ನುಂಗುವುದೂ ಅವಳು ಕೈಯಾರೆ ಕೊಟ್ಟರೇ. "ನಾನೇ ತಂದು ನನ್ನ ನೆತ್ತಿ ಮೇಲೆ ಕೂರಿಸ್ಕೊಂಡೆ," ಎಂದು ಗಂಡನ ಮುಂದೆ ಗೊಣಗುತ್ತಿದ್ದರು. ಬಟ್ಟೆ ಅಂಗಡಿ ನಡೆಸುವ ಗಂಡ ನಕ್ಕುಬಿಡುತ್ತಿದ್ದರು.

ಯಂತ್ರ ಜೋಡಿಸಲು ಬಂದ ಇಂಜಿನಿಯರ್ ದೊಡ್ಡ ಮೇಡಂ ನಂಬರು ಹಾಕಿಕೊಂಡು, "ಇನ್ನೊಂದು ನಂಬರ್ ಬೇಕಲ್ಲ ಮೇಡಂ, ನೀವು ಸಿಗದೇ ಹೋದ್ರೆ?" ಎಂದ.

"ಚಿಕ್ಕ ಮೇಡಂದು ಹಾಕಿ. ಹೇಗೂ ಒಂದೇ ಮನೆಯವರು," ಎಂದಳು ಲ್ಯಾಬಿನ ಸಹಾಯಕಿ.

"ಬೇಡ. ನಮ್ಮ ಯಜಮಾನ್ರದು ಹಾಕಿ."

"ಅವ್ರಿಗೆ ಇದೆಲ್ಲ ಅರ್ಥ..."

"ಓದೋಕೆ ಬರುತ್ತೆ ಅವ್ರಿಗೆ," ಎಂದು ದೊಡ್ಡ ಮೇಡಂ ಮಾತು ಮುಗಿಸಿದರು. ಆ ಫ್ರೀಜರಿನಲ್ಲಿ ಇದ್ದದ್ದು ಕ್ಯಾನ್ಸರ್ ರೋಗಿಗಳ ಗಡ್ಡೆಯ ಚೂರುಗಳು. ದೊಡ್ಡ ಮೇಡಂ ಅವರ ಅರ್ಧ ಆಯುಸ್ಸಿನ ಗಳಿಕೆ. ಅದರ ಕಾವಲಿನಲ್ಲಿ ಚಿಕ್ಕವಳ ಹೆಸರು ಮಾತ್ರ ಬೇಡವಾಗಿತ್ತು.

ಮುಂದಿನ ರಜೆಯ ಬೆಳಿಗ್ಗೆ ದೊಡ್ಡ ಮೇಡಂ ದವಡೆ ಹಲ್ಲು ಕೀಳಿಸಲು ಹೋದರು. ಅವರು ಕುರ್ಚಿಗೆ ಒರಗಿ ಬಾಯಿ ತೆರೆದಿದ್ದಾಗ ಮೊಬೈಲು ಚೀಲದಲ್ಲಿ ಬಾಯಿ ಮುಚ್ಚಿಕೊಂಡು ಬಿದ್ದಿತ್ತು. ಇತ್ತ ಮನೆಯಲ್ಲಿ ಗಂಡ ತಮ್ಮ ಮೊಬೈಲನ್ನು ದೂರ ಹಿಡಿದು, ಕಣ್ಣು ಕಿರಿದು ಮಾಡಿ, ಜೋರಾಗಿ ಓದಿದರು. "ಮೈನಸ್ ಐವತ್ತೆರಡಂತೆ! ಅಬ್ಬಾ, ಎಲ್ಲಿ ಬಿದ್ದಿದೆ ನೋಡಮ್ಮ ಇಷ್ಟೊಂದು ಚಳಿ?"

ತಲೆಗೆ ಸ್ನಾನ ಮಾಡಿ ಕೂದಲು ಒರೆಸಿಕೊಳ್ಳುತ್ತಿದ್ದ ಚಿಕ್ಕವಳು ಗಕ್ಕನೆ ನಿಂತಳು. "ಭಾವ, ಅದು ಚಳಿ ಅಲ್ಲ, ಬಿಸಿ! ಮೈನಸ್ ಎಂಬತ್ತು ಇರಬೇಕು ಅಲ್ಲಿ. ಅಕ್ಕನ ಫ್ರೀಜರ್ ನಿಂತುಹೋಗಿದೆ!" ಟವೆಲ್ಲು ಬಿದ್ದಲ್ಲೇ ಬಿತ್ತು. ಭಾವ ಕನ್ನಡಕ ಹುಡುಕುವಷ್ಟರಲ್ಲಿ ಕಾರು ಗೇಟು ದಾಟಿತ್ತು.

ಕೊನೆಗೂ ಗಂಡನ ಕರೆ ಸಿಕ್ಕಿ ದೊಡ್ಡ ಮೇಡಂ ಹತ್ತಿ ಕಚ್ಚಿಕೊಂಡೇ ಓಡಿಬಂದಾಗ ಸೈರನ್ ನಿಂತಿತ್ತು. ಅವರ ಫ್ರೀಜರ್ ಬಾಗಿಲು ತೆರೆದುಕೊಂಡು ಖಾಲಿ ನಿಂತಿತ್ತು. ಪಕ್ಕದ ಲ್ಯಾಬಿಗೆ ಹೋದರೆ ಚಿಕ್ಕವಳು ನೆಲದ ಮೇಲೆ ಕೂತಿದ್ದಳು. ಒದ್ದೆ ಕೂದಲು ಕತ್ತಿಗೆ ಅಂಟಿತ್ತು, ಬೆರಳುಗಳು ಕೊರೆತಕ್ಕೆ ಕೆಂಪಾಗಿದ್ದವು. ಸುತ್ತ ಥರ್ಮಾಕೋಲ್ ಪೆಟ್ಟಿಗೆಗಳು. ಅವುಗಳ ಅಡಿಯಿಂದ ನೀರು ಹರಿಯುತ್ತಿತ್ತು. ಒಳಗಿದ್ದ ಡಬ್ಬಿಗಳ ಮೇಲೆ ಚಿಕ್ಕವಳದೇ ಕೈಬರಹ.

"ನಿಮ್ಮದು ಒಂದೂ ಹಾಳಾಗಿಲ್ಲ ಅಕ್ಕ. ಎಲ್ಲ ನನ್ನ ಫ್ರೀಜರಲ್ಲಿದೆ," ಎಂದಳು. "ಜಾಗ ಸಾಲ್ಲಿಲ್ಲ, ನನ್ನವನ್ನ ಹೊರಗೆ ತೆಗೆದೆ. ನನ್ನವು ಮತ್ತೆ ಬೆಳೆಸ್ಕೊಳ್ಳೋ ಜೀವಕೋಶ. ನಿಮ್ಮ ರೋಗಿಗಳು ಮತ್ತೆ ಬರಲ್ಲವಲ್ಲ."

ದೊಡ್ಡ ಮೇಡಂ ಬಾಯಲ್ಲಿ ಹತ್ತಿ ಇದ್ದದ್ದೇ ಒಳ್ಳೆಯದಾಯಿತು, ಮಾತಾಡಬೇಕಿರಲಿಲ್ಲ. ಸುದ್ದಿ ಕೇಳಿ ಬಂದ ನಿರ್ದೇಶಕರು, "ಯಂತ್ರ ಪಾಸು! ಎಲ್ಲ ಲ್ಯಾಬಿಗೂ ತರಿಸೋಣ. ಆದ್ರೆ ಅದು ಎಷ್ಟು ಕೂಗಿದ್ರೇನು, ಓಡಿ ಬರೋರು ಬೇಕಲ್ಲ!" ಎಂದು ಚಿಕ್ಕವಳನ್ನು ನೋಡಿ ತಲೆದೂಗಿ ಹೋದರು.

ದೊಡ್ಡ ಮೇಡಂ ಚಿಕ್ಕವಳ ಫ್ರೀಜರಿನ ಬಾಗಿಲು ತೆರೆದರು. ಬಿಳಿ ಆವಿ ಮುಖಕ್ಕೆ ಬಡಿಯಿತು. ಅವರ ಡಬ್ಬಿಗಳೆಲ್ಲ ವರ್ಷದ ಪ್ರಕಾರ, ರೋಗಿಯ ಪ್ರಕಾರ ಸಾಲಾಗಿ ಕೂತಿದ್ದವು. ಬಾಗಿಲು ಬೇಗ ಮುಚ್ಚಬೇಕೆಂದು ಗೊತ್ತಿದ್ದೂ ಅವರು ಒಂದೊಂದು ಅರೆಯನ್ನೂ ಕಣ್ಣಿನಲ್ಲೇ ಜಾಲಾಡಿದರು. ಸಾಲು ತಪ್ಪಿದ ಒಂದು ಡಬ್ಬಿ, ತಲೆಕೆಳಗಾದ ಒಂದು ಸೀಸೆ, ಏನಾದರೂ ಸಿಕ್ಕೀತೆಂದು. ಏನೂ ಸಿಗಲಿಲ್ಲ. ಬಾಗಿಲು ಮುಚ್ಚುವಾಗ ಕಣ್ಣಲ್ಲಿ ಛಳ್ಳನೆ ನೀರು ಬಂತು.

"ತುಂಬಾ ನೋವಾ ಅಕ್ಕ?" ಚಿಕ್ಕವಳು ಎದ್ದು ಬಂದು ಭುಜ ಹಿಡಿದಳು.

ಹೌದೆಂದು ತಲೆಯಾಡಿಸಿದರು. ಹಲ್ಲು ಕಿತ್ತ ಕಡೆ ಇಂಜೆಕ್ಷನ್ನಿನ ಜೋಮು ಇನ್ನೂ ಇಳಿದಿರಲಿಲ್ಲ.