ಮುಂದಿನ ಎರಡು ಹಲ್ಲು

“ನಮ್ಮನೆ ಎಮ್ಮೆ ಬಾಯಿ ಇದಕ್ಕಿಂತ ಚೊಕ್ಕಟವಾಗಿರುತ್ತೆ ಕಣಯ್ಯ,” ಅಂದರು ಡೆಂಟಲ್ ಕಾಲೇಜಿನ ದೊಡ್ಡ ಡಾಕ್ಟರು. ಸುತ್ತ ನಿಂತಿದ್ದ ಸ್ಟೂಡೆಂಟುಗಳು ಮಾಸ್ಕಿನೊಳಗೇ ನಕ್ಕರು.

ಕಬಡ್ಡಿಯಲ್ಲಿ ಮುರಿದ ನನ್ನ ಮೇಲಿನ ಮುಂದಿನ ಹಲ್ಲು ಕಿತ್ತು, ಅದೇ ದಿನ ಅದೇ ಗುಂಡಿಗೆ ತಿರುಪು ಕೂರಿಸಿ ಹೊಸ ಹಲ್ಲು ಹಾಕಿದ್ದು ಇವರೇ, ಹತ್ತು ವರ್ಷದ ಹಿಂದೆ. ಈ ಭಾನುವಾರ ಹೆಣ್ಣು ನೋಡೋಕೆ ಹೋಗಬೇಕು. ಮುಂದಿನ ಎರಡು ಹಲ್ಲಲ್ಲಿ ಒಂದರ ಒಸಡು ಮೇಲಕ್ಕೆ ಸರಿದು ಬುಡ ಕಪ್ಪಗೆ ಕಾಣ್ತಿದೆ. ಅದನ್ನು ತೋರಿಸೋಕೇ ಬಂದಿದ್ದೆ.

“ಇಲ್ಲಿ ನೋಡ್ರಪ್ಪ,” ಅಂತ ನನ್ನ ತುಟಿ ಎತ್ತಿ ಹಿಡಿದರು. “ಈ ಹೊಳೀತಿರೋದು ನಾನು ಹಾಕಿದ್ದು. ಹತ್ತು ವರ್ಷ ಆದ್ರೂ ಮದುಮಗನ ಹಾಗಿದೆ. ಪಕ್ಕದ್ದು ದೇವರು ಕೊಟ್ಟಿದ್ದು. ಇವನು ಉಜ್ಜದೆ ಕೆಡಿಸ್ಕೊಂಡಿದಾನೆ.”

“ಆಆ,” ಅಂದೆ. ಸಿಟ್ಟು ನೆತ್ತಿಗೇರಿತ್ತು, ಆದರೆ ಬಾಯಿ ತುಂಬ ಅವರ ಬೆರಳು.

“ಸುಮ್ನಿರು. ತಪ್ಪು ಮಾಡ್ದೋರು ಮಾತಾಡಬಾರದು.”

ಕೊನೆಗೂ ಬೆರಳು ತೆಗೆದರು. “ಏನಯ್ಯ ಅದು, ಆಗ್ಲಿಂದ ಒದರ್ತಿದೀಯ?”

“ಸಾರ್, ಹೊಳೀತಿರೋದು ದೇವರದು. ಕಪ್ಪಾಗಿರೋದು ನಿಮ್ಮದು. ಭಾನುವಾರದೊಳಗೆ ಸರಿ ಮಾಡಿಕೊಡ್ತೀರಾ?”

ಒಬ್ಬಳು ಸ್ಟೂಡೆಂಟು ಫೈಲಿನಿಂದ ನನ್ನ ಎಕ್ಸ್-ರೇ ತೆಗೆದು ಬೆಳಕಿಗೆ ಹಿಡಿದಳು. ತಿರುಪು ಕಪ್ಪಾದ ಹಲ್ಲಿನ ಬುಡದಲ್ಲೇ ಇತ್ತು. ಡಾಕ್ಟರು ಅದನ್ನೊಮ್ಮೆ ನೋಡಿ, ಗ್ಲೌಸ್ ಕಳಚಿ, ಪಕ್ಕದ ಕುರ್ಚಿಯ ಪೇಷಂಟ್ ಕಡೆ ನಡೆದರು.